ಎಡಕ್ಕ ನಿಂತ ಕಡ್ಡಿ

ದೋಸ್ತರ, ಸಂಸ್ಥಾನದ ಕಚೇರಿಯೊಳಗ ಕಾರಕೂನ ಅಂತ ನನಗ ಭಾಳ ಸೊಕ್ಕಿತ್ತು. ಇವತ್ತ ಇಳೀತು. ಜಮಖಂಡಿ ಪ್ಯಾಟ್ಯಾಗಿಂದ ಗಡಿಯಾರ ತಂದು ಗ್ವಾಡಿಗೆ ಹಾಕಿ, ಹೆಂಡ್ತಿಗೆ ರೋಮನ್ ಅಂಕಿ ಕಲಿಸಾಕ ಕುಂತೆ.

"X ಅಂದ್ರ ಹತ್ತು. I ಅನ್ನೋ ಸಣ್ಣ ಕಡ್ಡಿ ಅಂದ್ರ ಒಂದು. ಅದು X ಬಲಕ್ಕ ನಿಂತ್ರ ಕೂಡಿಸ್ಬೇಕು, ಹನ್ನೊಂದು. ಎಡಕ್ಕ ನಿಂತ್ರ ಕಳೀಬೇಕು, ಒಂಬತ್ತು."

"ಮದುವ್ಯಾಗ ನನ್ನ ನಿಮ್ಮ ಎಡಕ್ಕ ಕುಂದರ್ಸಿದ್ರಲ್ರಿ?"

"ಹೌದು, ಪದ್ಧತಿ ಹಂಗ ಐತಿ."

"ಅಂದ್ರ ಸಣ್ಣ ಕಡ್ಡಿ ನಾನು. ನನ್ನಿಂದ ನಿಮ್ಮ ಕಿಮ್ಮತ್ತು ಕಡಿಮಿ ಆತು ಅನ್ರಿ."

ನಾ ನಕ್ಕೆ. ನಗಬಾರದಿತ್ತು. ಊಟಕ್ಕ ಕುಂತಾಗ ತಾಟಿನ್ಯಾಗ ಎರಡು ಹೋಳಿಗಿ ಇದ್ದವು. ಆಕಿ ಬಂದು ನನ್ನ ಎಡಕ್ಕ ನಿಂತು, ಒಂದು ಎತ್ತಿಕೊಂಡ್ಲು.

"ಯಾಕ?"

"ಲೆಕ್ಕ ನಿಮ್ಮದ ಐತಲ್ರಿ!"

ಬಲಕ್ಕ ಬಾ ಅಂತ ಆಗಿಂದ ಬೇಡಾಕತ್ತೇನಿ. ಆಕಿ ಹೋಳಿಗಿ ತಿನ್ಕೊಂತ ಗಡಿಯಾರ ನೋಡಾಕತ್ತಾಳ.