ಶಶಿರೇಖಾ ಮತ್ತು ಮರದಂಗಡಿಗಳು

ದೊಡ್ಡಬಳ್ಳಾಪುರದ ಶಶಿರೇಖಾ ಯಾವ ಊರಿಗೆ ಹೋದರೂ ಅಲ್ಲಿ ಮರದಂಗಡಿ ಎಲ್ಲಿದೆ ಎಂದು ವಿಚಾರಿಸುತ್ತಿದ್ದಳು. ಧರ್ಮಸ್ಥಳದ ದಾರಿಯಲ್ಲಿ ಹಾಸನದಲ್ಲಿ ಇಳಿದಾಗ, ನಾದಿನಿಯ ಮನೆಗೆಂದು ಶಿವಮೊಗ್ಗಕ್ಕೆ ಹೋದಾಗ, ಉಳಿದವರು ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಯಾವುದೋ ಸಂದಿಯ ಅಂಗಡಿಗೆ ಹೊಕ್ಕು, ಹಲಸಿನದೋ ಹೊನ್ನೆಯದೋ ಒಂದು ತುಂಡನ್ನು ಬ್ಯಾಗಿಗೆ ಹಾಕಿಕೊಂಡು ಬರುತ್ತಿದ್ದಳು.

ಈ ಗೀಳು ಅಪ್ಪನಿಂದ ಬಂದದ್ದು. ಅಪ್ಪಯ್ಯಣ್ಣ ಕೈಮಗ್ಗಗಳಿಗೆ ಲಾಳಿ ಮಾಡಿಕೊಡುತ್ತಿದ್ದವರು. ನೂಲು ಹೊತ್ತು ಮಗ್ಗದ ಆ ಕಡೆಯಿಂದ ಈ ಕಡೆಗೆ ಓಡುವ ಲಾಳಿ ಎಲ್ಲೂ ಒರಟಾಗಿರಬಾರದು. ಉಳಿ ಹಿಡಿಯುವುದನ್ನೂ, ಮರವನ್ನು ಮೂಸಿ ಗುರುತಿಸುವುದನ್ನೂ ಮಗಳಿಗೆ ಅವರೇ ಕಲಿಸಿದ್ದರು.

ಮದುವೆಯಾಗಿ ಬಂದ ಮನೆಯ ಮುಂಭಾಗದ ತುಂಬ ಪವರ್‌ಲೂಮುಗಳು. ಗಂಡ ನರೇಶ್ ಕೆಟ್ಟವನಲ್ಲ, ಗದರುವವನೂ ಅಲ್ಲ. ಆದರೆ ಎಳೆ ಹರಿದರೆ ಕಟ್ಟಲು, ನೂಲು ಮುಗಿದರೆ ಬದಲಿಸಲು ಯಾರಾದರೂ ಮಗ್ಗದ ಪಕ್ಕದಲ್ಲೇ ಇರಬೇಕಿತ್ತು. ತವರಿಗೆ ಹೋದರೂ ಸಂಜೆಗೆ ವಾಪಸ್. ಸದ್ದಿನಲ್ಲಿ ಮಾತು ಕೇಳಿಸದೆ ಎಷ್ಟೋ ವಿಷಯಗಳನ್ನು ಅವಳು ಹೇಳುವುದನ್ನೇ ಬಿಟ್ಟಿದ್ದಳು. ಕರೆಂಟು ಹೋದಾಗ ಮಾತ್ರ ಮಹಡಿ ಹತ್ತಿ, ನೀರಿನ ಟ್ಯಾಂಕಿನ ನೆರಳಲ್ಲಿ ಕುಳಿತು ಕುಂಕುಮದ ಭರಣಿ ಕೊರೆಯುತ್ತಿದ್ದಳು. ಒಂದರಂತೆ ಇನ್ನೊಂದಿರುತ್ತಿರಲಿಲ್ಲ. ಮಾಡಿದ್ದನ್ನು ಹಳೇ ಸೀರೆಯೊಂದರಲ್ಲಿ ಸುತ್ತಿಡುತ್ತಿದ್ದಳು. ಅದೇನೆಂದು ಯಾರೂ ಕೇಳಿರಲಿಲ್ಲ.

ಮಗಳು ನವ್ಯಶ್ರೀಯ ಮದುವೆಗೆ ನೆಂಟರನ್ನು ಕರೆಯಲು ಗಂಡನ ಜೊತೆ ಮೈಸೂರಿಗೆ ಹೋದಾಗ ಶಶಿರೇಖಾ ಒಬ್ಬಳೇ ಒಂದು ಮರದಂಗಡಿಗೆ ಹೋದಳು. ಅಲ್ಲಿ ಕೆತ್ತನೆಯವರಿಗೆ ಬೇಕಾದ ಅಪರೂಪದ ಮರಗಳಷ್ಟೇ ಸಿಗುತ್ತಿದ್ದವು. ಅಂಗಡಿಯ ಮುದುಕರು, ಮಸ್ತಾನ್ ಸಾಹೇಬರು, ಬೀಟೆಯ ತುಂಡೊಂದನ್ನು ಒದ್ದೆ ಬಟ್ಟೆಯಿಂದ ಒರೆಸಿ ತೋರಿಸಿದರು. ಒಳಗಿನ ನೇರಳೆ ಗೆರೆಗಳು ಎದ್ದು ಬಂದವು. ಅವಳು ತನ್ನ ಬ್ಯಾಗಿನಲ್ಲಿದ್ದ ಹಲಸಿನ ಭರಣಿಯನ್ನು ತೆಗೆದು, "ಇಂಥದ್ದು ಮಾಡೋಕೆ ಇದು ಆಗುತ್ತಾ?" ಎಂದು ಕೇಳಿದಳು.

ಸಾಹೇಬರು ಮುಚ್ಚಳ ತೆಗೆದು, ಮತ್ತೆ ಹಾಕಿ ನೋಡಿದರು. "ಯಾರ ಹತ್ರ ಕಲಿತ್ರಿ ತಾಯಿ?"

ಹಾಗೆ ಅವಳನ್ನು ಯಾರೂ ಕೇಳಿರಲಿಲ್ಲ. ಅಪ್ಪನ ವಿಷಯ ಹೇಳುತ್ತ ಕುಳಿತುಬಿಟ್ಟಳು. ಫೋನ್ ಬಡಿದುಕೊಂಡದ್ದೂ ಗೊತ್ತಾಗಲಿಲ್ಲ. ಹುಡುಕುತ್ತ ಬಂದ ನರೇಶನನ್ನು ಬಾಗಿಲಲ್ಲಿ ಕಂಡಾಗ ತಟ್ಟನೆ ಎದ್ದು ನಿಂತಳು. ಅವನು ಬೈಯಲಿಲ್ಲ. ಸಾಹೇಬರ ಕೈಲಿದ್ದ ಭರಣಿಯನ್ನು ಇಸಕೊಂಡು ತಿರುಗಿಸಿ ತಿರುಗಿಸಿ ನೋಡಿದ.

"ಇದನ್ನ ನೀನೇ ಮಾಡಿದ್ದಾ? ಇಷ್ಟು ವರ್ಷ ಹೇಳ್ಲೇ ಇಲ್ವಲ್ಲೇ!"

ಅವನ ಮುಖದಲ್ಲಿ ನಿಜವಾದ ಹೆಮ್ಮೆಯಿತ್ತು. ಅವಳಿಗೆ ಕಣ್ಣು ತುಂಬಿ ಬಂತು.

ಮದುವೆಗೆ ಬರುವ ಮುತ್ತೈದೆಯರಿಗೆಲ್ಲ ತಾಂಬೂಲದ ಜೊತೆ ಅವಳೇ ಮಾಡಿದ ಭರಣಿ ಕೊಡಬೇಕೆಂದು ನರೇಶನೇ ಹೇಳಿದ. ಅವಳು ಸಂತೋಷದಿಂದಲೇ ಒಪ್ಪಿದಳು. ಮದುವೆ ಮುಗಿಯುವಷ್ಟರಲ್ಲಿ ಬೀಗರ ಕಡೆಯವರು, ಬೀದಿಯವರು, ಹತ್ತಿರದ ವಿಜಯಪುರದ ರೇಷ್ಮೆ ವ್ಯಾಪಾರಿಗಳು ಎಲ್ಲರೂ ತಮಗೂ ಬೇಕೆಂದರು. ಎಲ್ಲರಿಗೂ ಒಂದೇ ಥರ ಇರಬೇಕು, ಒಬ್ಬರದು ಚೆಂದ ಇನ್ನೊಬ್ಬರದು ಸಪ್ಪೆ ಎಂಬಂತಾಗಬಾರದು. ಅವಳ ಬೆರಳು ಊದಿಕೊಂಡವು. ಅದನ್ನು ಕಂಡು ಮರುಗಿದ ನರೇಶ್ ಮರ ಕಡೆಯುವ ಯಂತ್ರವೊಂದನ್ನು ತಂದು, ಮಗ್ಗಗಳ ಸಾಲಿನ ಕೊನೆಯಲ್ಲೇ ಕೂರಿಸಿದ.

"ಇನ್ನು ನಿನ್ ಕೈ ನೋಯಲ್ಲ. ಅಲ್ಲಿಂದಾನೇ ಮಗ್ಗಾನೂ ನೋಡ್ಕೋಬೋದು," ಎಂದ.

"ರೀ, ನಂಗೆ ಇದು ಬೇಡಾಗಿತ್ತು," ಎಂದಳು ಶಶಿರೇಖಾ.

"ಏನಂದೆ?" ಎಂದು ಅವನು ಮಗ್ಗದ ಸದ್ದಿನ ಮೇಲೆ ಕೂಗಿದ.

ಅವಳು ತಲೆಯಾಡಿಸಿ, ಏನಿಲ್ಲವೆಂಬಂತೆ ಕೈ ತೋರಿಸಿದಳು. ಏನೆಂದು ದೂರುವುದು? ಅತ್ತೆ ಮುನಿವೆಂಕಟಮ್ಮ ಆಗಲೇ ಯಂತ್ರಕ್ಕೆ ಅರಿಶಿನ ಕುಂಕುಮ ಇಟ್ಟು, "ಪುಣ್ಯ ಮಾಡಿದ್ದೆ ಕಣಮ್ಮ, ಇಂಥ ಗಂಡ ಸಿಕ್ಕಿದ್ದಾನೆ" ಎನ್ನುತ್ತಿದ್ದರು.

ಈಚೆಗೆ ಶಿವಮೊಗ್ಗಕ್ಕೆ ಹೋದಾಗ ನರೇಶ್ ತಾನೇ ಮರದಂಗಡಿಯ ಮುಂದೆ ವ್ಯಾನ್ ನಿಲ್ಲಿಸಿದ. ಅಂಗಡಿಯವನು ಅವನಿಗೇ ಕುರ್ಚಿ ಹಾಕಿದ. ಒಂದೇ ಅಳತೆಯ, ಗಂಟಿಲ್ಲದ, ಗೆರೆಯಿಲ್ಲದ ಮರ ಬೇಕೆಂದು ನರೇಶ್ ಹೇಳುತ್ತಿದ್ದ.

"ಬಾರೇ, ನೀನೇ ಒಂದ್ಸಲ ನೋಡು," ಎಂದು ಕರೆದ.

ಶಶಿರೇಖಾ ಹತ್ತಿರ ಹೋಗಿ, ಮೇಲಿನ ತುಂಡನ್ನು ಮುಟ್ಟಿ ನೋಡಿ, "ಆಗುತ್ತೆ" ಎಂದಳು. ಅವರು ಲೋಡು ಮಾಡುವವರೆಗೆ ವ್ಯಾನಿನಲ್ಲಿ ಕುಳಿತಿದ್ದಳು.