ಮುಗಿದುಹೋದ ಹತ್ತನೇ ಕ್ಲಾಸು

ಹತ್ತನೇ ಕ್ಲಾಸಿಗೆ ಸೇರಬೇಕಾದರೆ ಒಂಬತ್ತನೇ ಕ್ಲಾಸು ಪಾಸಾಗಿರಬೇಕು ಎಂದು ನಾನು ತಿಳಿದಿದ್ದೆ. ನೀವೂ ಹಾಗೇ ತಿಳಿದಿದ್ದೀರಿ ತಾನೆ? ಹಾಗಾದರೆ ಇಬ್ಬರೂ ದಡ್ಡರು ಬಿಡಿ.

ಕಳೆದ ವಾರ ಸೊರಬದ ಕಡೆಯಿಂದ ನನ್ನ ಅಕ್ಕ ಗಿರಿಜಕ್ಕ, ಭಾವ, ಅವರ ಮಗಳು ಕಾವ್ಯ ಮೂವರೂ ಶಿಕಾರಿಪುರದ ನಮ್ಮ ಮನೆಗೆ ಬಂದಿಳಿದರು. ಕಾವ್ಯ ಅವರೂರಿನ ಸರ್ಕಾರಿ ಹೈಸ್ಕೂಲಿನಲ್ಲಿ ಒಂಬತ್ತು ಮುಗಿಸಿದ್ದಾಳೆ. ಒಳ್ಳೆಯ ಮಾರ್ಕ್ಸು. ಹತ್ತಕ್ಕೆ ಅವಳನ್ನು ಅವಳ ಹಾಗೇ ಒಂಬತ್ತು ಮುಗಿಸಿರುವ ನನ್ನ ಮಗಳು ಸಿರಿ ಓದುವ ಪ್ರೈವೇಟ್ ಸ್ಕೂಲಿಗೆ ಸೇರಿಸಿ ನಮ್ಮ ಮನೆಯಲ್ಲೇ ಬಿಡಬೇಕೆಂದು ಅಕ್ಕನ ಹಟ. ಕಾವ್ಯನಿಗೆ ಸುತಾರಾಂ ಇಷ್ಟವಿಲ್ಲ. ಶಿರಾಳಕೊಪ್ಪದಲ್ಲಿ ಬಸ್ ಬದಲಿಸುವಾಗ ಹುಡುಗಿ ಸೀದಾ ವಾಪಸ್ ಹೋಗುವ ಬಸ್ ಹತ್ತಿ ಕೂತಿದ್ದಳಂತೆ. ಭಾವ ರಮಿಸಿ ಇಳಿಸಿಕೊಂಡು ಬಂದಿದ್ದರು.

"ನಮ್ಮೂರ ಸ್ಕೂಲಲ್ಲಿ ಸ್ಟ್ರಿಕ್ಟೇ ಇಲ್ಲ ಕಣೋ" ಎಂದಳು ಅಕ್ಕ.

ಭಾವ ಸಿಡಿದೆದ್ದರು. "ಸ್ಟ್ರಿಕ್ಟ್ ಇಲ್ವಾ? ಆ ಗಣಿತದ ಮೇಷ್ಟ್ರು ದಿನಾ ಬೆಳಗ್ಗೆ ಐದಕ್ಕೆ ಫೋನ್ ಮಾಡ್ತಾರೆ ಮಾರಾಯ, ಮಕ್ಳು ಎದ್ದು ಓದ್ಲಿ ಅಂತ. ರಜದಲ್ಲೂ ಬಿಡಲ್ಲ. ಫೋನ್ ಇರೋದು ನನ್ನ ಹತ್ರ. ಇವಳು ಮಲಗಿರ್ತಾಳೆ, ನಾ ಎದ್ದಿರ್ತೀನಿ. 'ಎದ್ದಿದ್ದು ಖರೇನಾ? ಹಂಗಾರೆ ಪೈಥಾಗೊರಸ್ ಹೇಳ್ಸಿ' ಅಂತಾರೆ. ಇವಳು ಏಳಲ್ಲ. ನಾನೇ ಹೇಳ್ಬೇಕು!"

(ಭಾವ ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಡುಮ್ಕಿ ಹೊಡೆದವರು. ಈಗ ನಿದ್ದೆಗಣ್ಣಲ್ಲೂ ಪ್ರಮೇಯ ಒಪ್ಪಿಸುತ್ತಾರೆ. ಸರ್ಕಾರಿ ಶಾಲೆ ಯಾರನ್ನೂ ಸುಮ್ಮನೆ ಬಿಡುವುದಿಲ್ಲ, ನೋಡಿ.)

ಮಧ್ಯಾಹ್ನ ಎಲ್ಲರೂ ಸಿರಿಯ ಶಾಲೆಗೆ ಹೋದೆವು. ಗಾಜಿನ ಬಾಗಿಲು, ತಣ್ಣನೆಯ ಕೋಣೆ, ಕೋಆರ್ಡಿನೇಟರ್ ಮೇಡಂ. ಕಾವ್ಯನ ಮಾರ್ಕ್ಸ್ ಕಾರ್ಡ್ ನೋಡಿ ಅವರ ಮುಖ ಅರಳಿತು.

"ವೆರಿ ಗುಡ್. ಆದ್ರೆ ಟೆಂತ್‌ಗೆ ಆಗಲ್ಲ ಸರ್."

"ಸೀಟಿಲ್ವಾ ಮೇಡಂ?"

"ಸೀಟಿದೆ. ಟೆಂತ್ ಮುಗಿದೋಗಿದೆ."

ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ. ಇನ್ನೂ ಮೇ ತಿಂಗಳು. ಶಾಲೆಯೇ ಶುರುವಾಗಿಲ್ಲ!

"ನಮ್ಮಲ್ಲಿ ಟೆಂತ್ ಪೋರ್ಷನ್ ನೈಂತಲ್ಲೇ ಮುಗಿಸ್ತೀವಿ ಸರ್. ಟೆಂತಲ್ಲಿ ಬರೀ ಟೆಸ್ಟು. ಮಗು ಟೆಂತ್ ಓದ್ಬೇಕು ಅಂದ್ರೆ ನೈಂತ್‌ಗೆ ಸೇರಿಸಿ."

"ಅವಳು ನೈಂತ್ ಪಾಸಾಗಿದ್ದಾಳಲ್ರೀ?"

"ಹೌದು ಸರ್. ಅದೇ ಪ್ರಾಬ್ಲಮ್ಮು."

ಭಾವನಿಗೆ ಕುತೂಹಲ ತಡೆಯಲಾಗಲಿಲ್ಲ. "ಹಂಗಾರೆ ಒಂಬತ್ತನೇದು ಯಾವಾಗ ಮಾಡ್ತೀರಿ?"

"ಏಯ್ತ್‌ನಲ್ಲಿ."

"ಎಂಟನೇದು?"

"ಸೆವೆಂತಲ್ಲಿ."

ಭಾವ ಬೆರಳು ಮಡಚುತ್ತಾ ಒಂದೊಂದೇ ಕ್ಲಾಸು ಕೆಳಗಿಳಿದರು. ಮೇಡಂ ಕೂಡ ಬೇಜಾರಿಲ್ಲದೆ ಇಳಿದರು. ಒಂದನೇ ಕ್ಲಾಸಿನದು ಯುಕೆಜಿಯಲ್ಲಿ. ಯುಕೆಜಿಯದು ಎಲ್‌ಕೆಜಿಯಲ್ಲಿ.

"ಎಲ್‌ಕೆಜಿದು?"

"ಅದು ಪೇರೆಂಟ್ಸ್ ಜವಾಬ್ದಾರಿ ಸರ್. ಅಡ್ಮಿಷನ್‌ಗೆ ಮುಂಚೆ ಮನೇಲೇ ಮುಗಿಸಿರ್ಬೇಕು."

ತಮಾಷೆ ಏನು ಗೊತ್ತೇ? ಎರಡೂ ಶಾಲೆಗೆ ಅದೇ ರಾಜ್ಯ ಸಿಲೆಬಸ್ಸು. ಕೊನೆಗೆ ಎರಡೂ ಕಡೆಯ ಮಕ್ಕಳು ಬರೆಯುವುದು ಅದೇ ಪರೀಕ್ಷೆ. ಆದರೆ ಒಂದು ಕಡೆ ವರ್ಷ ಮುಂಚೆಯೇ ಮುಗಿಯುತ್ತದೆ, ಅದಕ್ಕೆ ನಾವು ಕ್ವಾಲಿಟಿ ಎನ್ನುತ್ತೇವೆ. ಪಂಕ್ತಿಯಲ್ಲಿ ಜನ ಕೂರುವ ಮೊದಲೇ ಎಲೆ ಎತ್ತಿಬಿಡುವವನನ್ನು ಯಾರಾದರೂ ಒಳ್ಳೆಯ ಅಡುಗೆಯವನು ಎಂದದ್ದುಂಟೇ?

ಅಕ್ಕನಿಗೆ ಇದೊಂದೂ ತಲೆಗೆ ಹೋಗಲಿಲ್ಲ. ಮನೆಗೆ ಬಂದವಳೇ ತೀರ್ಪು ಕೊಟ್ಟಳು. "ಒಂದು ವರ್ಷ ಹೋದ್ರೆ ಹೋಗ್ಲಿ. ಒಂಬತ್ತಕ್ಕೇ ಸೇರ್ಸಾಣ. ಸಿರಿನ್ನ ನೋಡು, ಆಗ್ಲೇ ಹತ್ತನೇದು ಮುಗಿಸ್ಕಂಡು ಕೂತಾಳೆ!"

"ನಾ ಪಾಸಾಗೀನಲ್ಲಮ್ಮ!" ಕಾವ್ಯ ಅಳತೊಡಗಿದಳು. ಪಾಪ, ಪಾಸಾದ ತಪ್ಪಿಗೆ ಯಾರಾದರೂ ಹೀಗೆ ಅತ್ತದ್ದನ್ನು ನಾನು ನೋಡಿರಲಿಲ್ಲ. ಆದರೂ ಸಿರಿಯ ಮಾತು ಬಂದಾಗ ಒಳಗೊಳಗೇ ಹಿಗ್ಗಿದ್ದು ಸುಳ್ಳಲ್ಲ.

ಮರುದಿನ ಬೆಳಗ್ಗೆ ಐದಕ್ಕೆ ಭಾವನ ಫೋನು ಬಡಿದುಕೊಂಡಿತು. ಭಾವ ಮುಸುಕಿನಿಂದ ಕೈ ಮಾತ್ರ ಹೊರಗೆ ಚಾಚಿ ಅದನ್ನು ಪಕ್ಕದಲ್ಲಿ ಮಲಗಿದ್ದ ನನ್ನ ಎದೆಯ ಮೇಲಿಟ್ಟರು. "ಇವತ್ತು ನೀ ಹೇಳು ಮಾರಾಯ."

"ಕಾವ್ಯನ ಮನೇರಾ? ಎದ್ದಿದಾಳಾ? ಎಲ್ಲಿ, ಪೈಥಾಗೊರಸ್ ಹೇಳ್ಸಿ ನೋಡಾಣ!"

ನನಗೆಲ್ಲಿ ಬರಬೇಕು? ಓಡಿಹೋಗಿ ಸಿರಿಯನ್ನು ಅಲುಗಿಸಿದೆ. "ಪುಟ್ಟಾ, ಪೈಥಾಗೊರಸ್ ಹೇಳು, ಬೇಗ!"

"ಅದು ಮುಗಿದಿದೆ ಅಪ್ಪ."

"ಮುಗಿದಿದೆ ಸರಿ. ಹೇಳು."

"ಹೇಳೋಕೆ ಬರಲ್ಲ. ಮುಗಿದಿದೆ" ಎಂದು ಮಗ್ಗುಲಾದಳು.

ಆಗ ಪಕ್ಕದ ಹಾಸಿಗೆಯಲ್ಲಿ ಕಾವ್ಯ, ಕಣ್ಣೇ ತೆರೆಯದೆ, ಒಂದೇ ಉಸಿರಿಗೆ ಶುರುಮಾಡಿದಳು: "ಲಂಬಕೋನ ತ್ರಿಭುಜದಲ್ಲಿ ವಿಕರ್ಣದ ಮೇಲಿನ ವರ್ಗವು ಉಳಿದೆರಡು ಬಾಹುಗಳ ಮೇಲಿನ ವರ್ಗಗಳ ಮೊತ್ತಕ್ಕೆ ಸಮ." ಆಮೇಲೆ ಗೊಣಗಿದಳು, "ಅಪ್ಪ ದಿನಾ ಕೂಗ್ತಾರಲ್ಲ ಮಾಮ, ನಿದ್ದೇಲೇ ಬಂದೋಗೇತಿ."

ಅಡುಗೆಮನೆ ಬಾಗಿಲಲ್ಲಿ ಅಕ್ಕ ಹಾಲಿನ ಪಾತ್ರೆ ಹಿಡಿದು ನಿಂತಿದ್ದಳು. ಸಿರಿಯನ್ನು ನೋಡಿದಳು, ಕಾವ್ಯನನ್ನು ನೋಡಿದಳು. "ಏಳೇ, ಬ್ಯಾಗ್ ಕಟ್ಟು. ಮೊದ್ಲನೇ ಬಸ್ಸಿಗೇ ಹೋಗಾಣ" ಎಂದಳು. ಐದು ಗಂಟೆಗೆ ಏಳದ ಹುಡುಗಿ ಎದ್ದು ಬ್ಯಾಗು ಹುಡುಕತೊಡಗಿದಳು.

ಫೋನು ಇನ್ನೂ ನನ್ನ ಕೈಯಲ್ಲೇ ಇತ್ತು. ದನಿ ತಗ್ಗಿಸಿ ಕೇಳಿದೆ: "ಮೇಷ್ಟ್ರೇ, ಶಿಕಾರಿಪುರದಲ್ಲಿ ಎಲ್ಲಾ ಮುಗಿಸಿಕೊಂಡು ಮಲಗಿರೋಳು ಒಬ್ಬಳಿದ್ದಾಳೆ, ನಾಳೆಯಿಂದ ಅವಳನ್ನೂ ಎಬ್ಬಿಸ್ತೀರಾ?"