ಅಮ್ಮನ ಚೌರಿಗೆ ಬಿದ್ದ ಬಣ್ಣ

"ನೋಡಿ ಆಂಟಿ, ನಿಮ್ಮ ಚೌರಿ ಹೊಸದರ ಥರ ಆಗಿದೆ!" ಎನ್ನುತ್ತ ಹುಡುಗಿ ಚೀಲ ಬಿಚ್ಚಿದಳು. ಕೋಲ್ಕತ್ತಕ್ಕೆ ಐಟಿ ಕಂಪನಿಗಳು ಬರತೊಡಗಿದ್ದ ಕಾಲ. ಅಂಥ ಒಂದರ ಕೆಲಸಕ್ಕೆಂದು ಬೆಂಗಳೂರಿನಿಂದ ಬಂದಿದ್ದ ಅವಳು ಲೇಕ್ ಗಾರ್ಡನ್ಸ್‌ನಲ್ಲಿ ನಮ್ಮ ಕೆಳಗಿನ ಮನೆಯಲ್ಲಿದ್ದಳು. ಕನ್ನಡ ಸಂಘದ ರಾಜ್ಯೋತ್ಸವದಲ್ಲಿ ಕುಣಿಯಲು ಉದ್ದ ಜಡೆ ಬೇಕೆಂದು ಚೌರಿ ಕೇಳಿ ಒಯ್ದಿದ್ದಳು. ಜೋಪಾನ ಎಂದಷ್ಟೇ ಹೇಳಿ ಕೊಟ್ಟಿದ್ದೆ.

"ಬಿಳಿ ಕೂದ್ಲು ಕಾಣ್ತಿತ್ತು. ಪಾರ್ಲರಲ್ಲಿ ಡೈ ಮಾಡಿಸ್ದೆ. ನನ್ ಗಿಫ್ಟ್ ಅಂದ್ಕೊಳ್ಳಿ!"

ಬಾಚುವಾಗ ಉದುರಿದ ತಮ್ಮ ಕೂದಲನ್ನು ಎಸೆಯದೆ ಕೂಡಿಟ್ಟು ಅಮ್ಮ ಕಟ್ಟಿಸಿಕೊಂಡಿದ್ದ ಚೌರಿ ಅದು. ಅವರು ಹಾಸಿಗೆ ಹಿಡಿದ ಮೇಲೆ ದಿನವೂ ಬೆಳಿಗ್ಗೆ ನಾನು ತಲೆ ಬಾಚುತ್ತಿದ್ದೆ. ಆಗ ಉದುರಿದ ಬಿಳಿ ಎಳೆಗಳನ್ನು, ಅವರು ಹೋದ ನಂತರ, ನಾನೇ ಅದಕ್ಕೆ ಸೇರಿಸಿದ್ದೆ. ಇಷ್ಟನ್ನು ಹುಡುಗಿಗೆ ಹೇಳಿದೆ.

"ಅಯ್ಯೋ, ಸತ್ತೋದವ್ರ ಕೂದ್ಲಾ? ಮೊದ್ಲೇ ಹೇಳ್ಬಾರ್ದಾ ಆಂಟಿ? ನಾನ್ ತಲೆಗೆ ಹಾಕ್ಕೊಂಡಿದ್ನಲ್ಲ!" ಎಂದು ಕೈಯನ್ನು ದುಪಟ್ಟಾಕ್ಕೆ ಒರೆಸಿಕೊಂಡಳು.

ಅಂದೇ ಸೀಗೆಪುಡಿ ಹಾಕಿ ತಿಕ್ಕಿ ತೊಳೆದೆ. ಬಣ್ಣ ಬಿಡಲಿಲ್ಲ. ಕಿಟಕಿಯ ಬೆಳಕಿಗೆ ಹಿಡಿದು ಹುಡುಕಿದರೂ ನಾನು ಸೇರಿಸಿದ ಎಳೆಗಳು ಯಾವುವೆಂದು ಈಗ ಗೊತ್ತಾಗುವುದಿಲ್ಲ. ಪಾರ್ಲರಿನವರ ಕೆಲಸ ಅಷ್ಟು ಅಚ್ಚುಕಟ್ಟಾಗಿದೆ.